ದೂಧ್‌ಸಾಗರ ನೋಡಾಕ ರೈಲು ಹತ್ತಿದ್ರ ಪಕ್ಕದ ಸೀಟಿನವ್ರ ಜೋಡಿ ಹೆಂಗ ಹೊಂದಿಕೊಂಡು ಹೋಗೂದು: ಬಳ್ಳಾರಿ, ಕೊಪ್ಪಳ ಕಡೆಯವ್ರಿಗೆ ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರು ಆತಂದ್ರ ನಮ್ಮ ಕೊಪ್ಪಳ, ಹೊಸಪೇಟಿ, ಬಳ್ಳಾರಿ ಮಂದಿಗೆ ಒಂದು ಹಂಬಲ ಹುಟ್ಟತೈತಿ, ಒಂದ್ಸಲ ಗೋವಾ ಗಾಡಿ ಹತ್ತಿ ದೂಧ್‌ಸಾಗರ ನೋಡ್ಕೊಂಡು ಬರೂಣು ಅಂತ. ನಮ್ಮದು ಬಯಲುಸೀಮಿ, ಜೂನ್‌ನಾಗೂ ಮುಗಿಲು ನೋಡ್ಕೊಂತ ಕುಂದ್ರೋ ನಾಡು, ಹಿಂಗಾಗಿ ಅಷ್ಟು ಹಸಿರು ಅಷ್ಟು ನೀರು ಒಮ್ಮೆಲೆ ಕಣ್ಣಿಗೆ ಬಿದ್ರ ಎದಿ ತುಂಬಿ ಬರ್ತೈತಿ. ಆದ್ರ ಹೋಗಿ ಬಂದೋರನ್ನ ಕೇಳಿ ನೋಡ್ರಿ, ಭಾಳ ಮಂದಿ ಜಲಪಾತದ ಸುದ್ದಿ ಬಿಟ್ಟು ಪಕ್ಕದ ಸೀಟಿನವ್ರ ಸುದ್ದಿನ ಹೇಳ್ತಾರ, ಒಬ್ರು ಷಟರ್ ಎತ್ತಾಕ ಬಿಡಲಿಲ್ಲ, ಇನ್ನೊಬ್ರು ದಾರಿ ತುಂಬ ಮೊಬೈಲ್‌ನಾಗ ಹಾಡು ಹಚ್ಚಿದ್ರು, ಮತ್ತೊಬ್ರು ನಮ್ಮ ಸೀಟಿನ್ಯಾಗ ಮಲಗಿಬಿಟ್ಟಿದ್ರು ಅಂತ.

ನನಗೂ ಆಗೇತಿ. ಮೊದಲ್ನೇ ಸಲ ನಮ್ಮ ಅವ್ವನ್ನ ಕರ್ಕೊಂಡು ಹೋಗಿದ್ದೆ, ಆಕಿ ಜೀವಮಾನದಾಗ ಘಾಟ್ ನೋಡಿದಾಕಿ ಅಲ್ಲ. ಕಿಟಕಿ ಹತ್ರ ಒಬ್ಬ ಯಜಮಾನ್ರು ಷಟರ್ ಕೆಳಗ ಎಳಕೊಂಡು ಮಲಗಿದ್ರು. ನಾನು ಕೊಪ್ಪಳದಾಗ ಹತ್ತಿದ ಕೂಡ್ಲೇ ಷಟರ್ ಎತ್ತಿದೆ, ಅವ್ರು ಇಳಿಸಿದ್ರು, ನಾ ಮತ್ತ ಎತ್ತಿದೆ, ಗದಗ ಬರೋದ್ರಾಗ ಮಾತಿಗೆ ಮಾತು ಬೆಳೀತು, ಧಾರವಾಡ ದಾಟಿದ ಮ್ಯಾಲ ಇಬ್ರೂ ಮಾರಿ ತಿರುವಿ ಕುಂತ್ವಿ. ದೂಧ್‌ಸಾಗರ ಬಂದಾಗ ಆ ಕಿಟಕಿ ಮುಚ್ಚೇ ಇತ್ತು. ಬಾಗಿಲ ಹತ್ರ ಹೋದ್ರ ಅಲ್ಲಿ ಕಾಲಿಡಾಕ ಜಾಗ ಇಲ್ಲ. ಅವ್ವಗ ಬರೇ ನೀರಿನ ಸಪ್ಪಳ ಕೇಳಿತು, ಮಂದಿ ಓ ಅಂತ ಕೂಗಿದ್ದು ಕೇಳಿತು, ಅಷ್ಟ. ಆಕಿ ಏನೂ ಅನ್ನಲಿಲ್ಲ, ಅದಕ್ಕ ನನಗ ಹೆಚ್ಚು ಸಂಕಟ ಆತು. ಅವತ್ತಿನಿಂದ ಈ ವಿಷಯ ತಲಿಗೆ ಹಚ್ಚಿಕೊಂಡೀನಿ, ಆಮ್ಯಾಲ ಆರು ಸಲ ಹೋಗಿ ಬಂದೀನಿ, ಕಲಿತಿದ್ದೆಲ್ಲಾ ಇಲ್ಲಿ ಬರದೀನಿ. ಮುಖ್ಯ ಮಾತು ಮೊದ್ಲ ಹೇಳಿಬಿಡ್ತೀನಿ: ಕಿಟಕಿ ಸೀಟು ಕೇಳಬ್ಯಾಡ್ರಿ, ಕಿಟಕಿ ಯಾವ ಊರಿಂದ ಯಾವ ಊರಿನ ತನಕ ಬೇಕು ಅದನ್ನ ಕೇಳ್ರಿ, ಅದನ್ನೂ ಗಾಡಿ ಹತ್ತಿದ ಹತ್ತು ನಿಮಿಷದಾಗ ಕೇಳ್ರಿ.

ಮೊದ್ಲು ದಾರಿ ತಿಳ್ಕೊಳ್ರಿ

ಯಾವ ಜಾಗ ನೋಡಬೇಕು ಅಂತ ನಮಗ ಗೊತ್ತಿಲ್ಲಾಂದ್ರ ಮಂದಿಗೆ ಏನಂತ ಕೇಳೂದು, ಅದಕ್ಕ ಇದನ್ನ ಸ್ವಲ್ಪ ಉದ್ದ ಹೇಳ್ತೀನಿ.

ಬಳ್ಳಾರಿಯಿಂದ ಹೊಂಟ್ರ ಕುಡಿತಿನಿ, ದರೋಜಿ, ತೋರಣಗಲ್ಲು, ಗಾದಿಗನೂರು, ಪಾಪಿನಾಯಕನಹಳ್ಳಿ ಆಮ್ಯಾಲ ಹೊಸಪೇಟಿ. ಇಲ್ಲಿ ಎಡಗಡೆ ಸಂಡೂರು ಗುಡ್ಡದ ಸಾಲು ಕಾಣ್ತೈತಿ, ಮಳಿ ಬಿದ್ದು ಎರಡು ವಾರ ಆಗಿತ್ತಂದ್ರ ಆ ಕೆಂಪು ಮಣ್ಣಿನ ಮ್ಯಾಲ ಹಸಿರು ಹಚ್ಚಿದಂಗ ಇರ್ತೈತಿ. ಹೊಸಪೇಟಿ ಬಿಟ್ಟ ಮ್ಯಾಲ ಮುನಿರಾಬಾದ್‌ಗಿಂತ ಮುಂಚೆ ಗಾಡಿ ತುಂಗಭದ್ರಾ ಹೊಳಿ ದಾಟತೈತಿ, ಕೊಪ್ಪಳದ ಕಡೆ ಹೋಗೋವಾಗ ಡ್ಯಾಮ್ ಇರೋದು ಎಡಗಡೆ. 33 ಗೇಟಿನ ಡ್ಯಾಮ್ ಅದು, 2024ರ ಆಗಸ್ಟ್‌ನಾಗ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನಾವೆಲ್ಲ ಎಷ್ಟು ಹೆದರಿದ್ವಿ ನೆನಪೈತಲ್ಲ. ಡ್ಯಾಮ್ ತುಂಬಿ ಗೇಟು ಎತ್ತಿದ ದಿನ ಈ ಸೇತುವೆ ಮ್ಯಾಲ ಹೋದ್ರ ಕೆಳಗ ಬಂಡಿಗಲ್ಲಿನ ನಡುವ ನೀರು ಹಾಲಿನಂಗ ನೊರಿ ಉಗುಳ್ತಿರ್ತೈತಿ. ಗೋವಾ ತನಕ ಹೋಗಾಕ ಆಗದವ್ರು ಒಂದು ಪ್ಯಾಸೆಂಜರ್ ಹತ್ತಿ ಬರೇ ಹೊಸಪೇಟಿಯಿಂದ ಕೊಪ್ಪಳ ತನಕ ಬಂದ್ರೂ ಮನಸಿಗೆ ತಂಪಾಗತೈತಿ.

ಕೊಪ್ಪಳದಿಂದ ಭಾನಾಪುರ, ತಳಕಲ್, ಬನ್ನಿಕೊಪ್ಪ, ಹರ್ಲಾಪುರ, ಗದಗ, ಇದೆಲ್ಲಾ ಎರಿ ಹೊಲದ ಸೀಮಿ, ಗದಗ ಹತ್ರ ಗಾಳಿಯಂತ್ರ ತಿರುಗೋದು ಕಾಣ್ತಾವ. ಇಲ್ಲಿ ಕಿಟಕಿಗೆ ಯಾರ ಜೋಡಿನೂ ಜಗ್ಗಾಡಬ್ಯಾಡ್ರಿ, ಬಿಟ್ಟುಕೊಡ್ರಿ, ಮುಂದ ಬೇಕಾಗತೈತಿ. ಹುಬ್ಬಳ್ಳಿ, ಧಾರವಾಡ ಆದ ಮ್ಯಾಲ ಅಳ್ನಾವರದಿಂದ ಕಾಡು ಶುರು, ಲೋಂಡಾ, ತಿನೈಘಾಟ್, ಆಮ್ಯಾಲ ಕ್ಯಾಸಲ್‌ರಾಕ್. 1961ರ ತನಕ ಗೋವಾ ಪೋರ್ಚುಗೀಸರ ಕೈಯಾಗ ಇತ್ತಲ್ಲ, ಈ ಕ್ಯಾಸಲ್‌ರಾಕ್ ಆಗ ಗಡಿ ಸ್ಟೇಷನ್ನು.

ಕ್ಯಾಸಲ್‌ರಾಕ್‌ದಿಂದ ಗೋವಾದ ಕುಲೇಂ ಸ್ಟೇಷನ್ ತನಕ ಸುಮಾರು 26 ಕಿಲೋಮೀಟರ್, ಇದ ಬ್ರಗಾಂಜಾ ಘಾಟ್. ಪ್ರತಿ 37 ಅಡಿಗೆ ಒಂದು ಅಡಿ ಇಳಿಯೋ ಅಷ್ಟು ಇಳಿಜಾರು, ಅದಕ್ಕ ಇಲ್ಲಿ ಗಾಡಿಗೆ ಹೆಚ್ಚಿನ ಎಂಜಿನ್ ಹಚ್ತಾರ, ಇಳಿಯೋವಾಗ ಹಿಡಿದು ನಿಲ್ಲಿಸಾಕ, ಏರೋವಾಗ ಹಿಂದಿನಿಂದ ನೂಕಾಕ. ಗಾಡಿ ಭಾಳ ಸಾವಕಾಶ ಹೋಗ್ತೈತಿ, ಸುರಂಗದ ಮ್ಯಾಲ ಸುರಂಗ ಬರ್ತಾವ. ನಡುವ ದೂಧ್‌ಸಾಗರ, 310 ಮೀಟರ್ ಎತ್ತರದಿಂದ ನಾಕು ಹಂತದಾಗ ಬೀಳೋ ನೀರು, ಗಾಡಿ ಆ ನೀರಿನ ಎದುರಿಗೇ ಸೇತುವೆ ಮ್ಯಾಲ ದಾಟತೈತಿ. ಅಂದ್ರ ಇಡೀ ಹಗಲಿನ ಪ್ರಯಾಣದಾಗ ನಿಮಗ ಖರೇನ ಕಿಟಕಿ ಬೇಕಾಗೋದು ಈ 26 ಕಿಲೋಮೀಟರ್, ಜೊತಿಗೆ ಹೊಳಿ ದಾಟೋ ಆ ಐದು ನಿಮಿಷ. ಇಷ್ಟ ಕೇಳಿದ್ರ ಯಾರೂ ಸುಲಭಕ್ಕ ಇಲ್ಲ ಅನ್ನಂಗಿಲ್ಲ.

ಟಿಕೆಟ್ ತಗಿಯೋವಾಗ

ಹೌರಾ ಕಡೆಯಿಂದ ವಾಸ್ಕೋಕ್ಕ ಹೋಗೋ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಬಳ್ಳಾರಿ, ಹೊಸಪೇಟಿ, ಕೊಪ್ಪಳದ ಮ್ಯಾಲ ಹೋಗ್ತೈತಿ, ದಿನಾ ಇರೂದಿಲ್ಲ, ವಾರದಾಗ ಕೆಲವು ದಿನ ಮಾತ್ರ. ಯಾವ ಗಾಡಿ ಆದ್ರೂ ಕ್ಯಾಸಲ್‌ರಾಕ್ ಮತ್ತ ಕುಲೇಂ ಹಗಲು ಹೊತ್ತಿನ್ಯಾಗ ದಾಟತೈತೋ ಇಲ್ಲೋ ಅಂತ ಟೈಮ್‌ಟೇಬಲ್ ನೋಡೇ ಬುಕ್ ಮಾಡ್ರಿ, ಕತ್ತಲ್ಯಾಗ ದಾಟಿದ್ರ ರೊಕ್ಕ ಕೊಟ್ಟು ಸುರಂಗದ ಗಾಳಿ ಕುಡದಂಗ. ಈಗ 60 ದಿನ ಮುಂಚೆ ಬುಕಿಂಗ್ ತೆರಿತೈತಿ, ಜುಲೈ, ಆಗಸ್ಟ್‌ದ ಶನಿವಾರ ಭಾನುವಾರ ಬೇಕಂದ್ರ ಅವತ್ತ ಕುಂತು ತಗೀರಿ. ನನ್ನ ಕೇಳಿದ್ರ ಬುಧವಾರ ಗುರುವಾರ ಹೋಗೋದು ಚಲೋ, ಅರ್ಧ ತಂಟೆ ಅಲ್ಲೇ ತಪ್ಪತೈತಿ, ಯಾಕಂದ್ರ ವಾರದ ಕೊನಿಗೆ ಹುಡುಗರ ಗುಂಪು ಗುಂಪೇ ಹತ್ತತಾವ.

ಎಸಿ ಬ್ಯಾಡ. ಆ ಗಾಜು ತೆರಿಯಂಗಿಲ್ಲ, ಮಳ್ಯಾಗ ಹೊರಗಿನಿಂದ ಮಂಜು ಹಿಡಿತೈತಿ. ಸ್ಲೀಪರ್ ತಗೀರಿ.

ಸ್ಲೀಪರ್‌ನಾಗ ಎಂಟೆಂಟು ಬರ್ತಿನ ಲೆಕ್ಕ. 1 ಮತ್ತ 4 ಲೋವರ್, 2 ಮತ್ತ 5 ಮಿಡಲ್, 3 ಮತ್ತ 6 ಅಪ್ಪರ್, 7 ಸೈಡ್ ಲೋವರ್, 8 ಸೈಡ್ ಅಪ್ಪರ್, ಮುಂದ 9ರಿಂದ ಮತ್ತ ಹಂಗ. ಇಬ್ರು ಹೋಗೋರಿದ್ರ 7 ಮತ್ತ 8ರ ಜೋಡಿ ಸಿಕ್ರ ಬಿಡಬ್ಯಾಡ್ರಿ, ಸೈಡ್ ಲೋವರ್‌ನಾಗ ಎದುರು ಬದುರು ಎರಡು ಸೀಟು, ಎರಡೂ ಕಿಟಕಿ, ನಡುವ ಮೂರನೇವ್ರು ಬರೋ ಪ್ರಶ್ನೆ ಇಲ್ಲ. ಎಡಗಡೆ ಬಲಗಡೆ ಅಂತ ಮಾತ್ರ ಸೀಟ್ ನಂಬರ್ ನೋಡಿ ಲೆಕ್ಕ ಹಾಕಬ್ಯಾಡ್ರಿ, ಬೋಗಿ ಯಾವ ಮಾರಿಗೆ ಜೋಡಿಸ್ಯಾರ ಅನ್ನೋದ್ರ ಮ್ಯಾಲ ಅದು ಬದಲಾಗತೈತಿ. ನೀರು ಯಾವ ಕಡೆ ಬರ್ತೈತಿ ಅಂತ ಲೋಂಡಾದಾಗ ಚಾ ಮಾರೋ ಹುಡುಗರನ್ನ ಕೇಳ್ರಿ, ದಿನಾ ಅದ ದಾರಿ ತಿರುಗೋರು, ಅವ್ರಷ್ಟು ನಿಖರ ಯಾರೂ ಹೇಳಂಗಿಲ್ಲ.

60 ದಾಟಿದ ಗಂಡಸರು, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಐತಿ, ಅವ್ವ ಅಪ್ಪನ್ನ ಕರ್ಕೊಂಡು ಹೋಗೋರು ವಯಸ್ಸು ಸರಿಯಾಗಿ ಹಾಕಿ ಬುಕ್ ಮಾಡ್ರಿ. ವೇಟಿಂಗ್ ಲಿಸ್ಟ್ ಟಿಕೆಟ್ ಹಿಡ್ಕೊಂಡು ರಿಸರ್ವೇಷನ್ ಬೋಗಿ ಹತ್ತಬ್ಯಾಡ್ರಿ, ಹತ್ತಿದ್ರ ಬ್ಯಾರೇದವ್ರ ಕಣ್ಣಿಗೆ ನೀವ ತಂಟೆ ಪ್ರಯಾಣಿಕರು ಆಗ್ತೀರಿ.

ಚೀಲದಾಗ ಇರಬೇಕಾದ್ದು

ಬಟ್ಟಿ ಬರಿ ನಿಮಗ ಗೊತ್ತು. ನಾ ಹೇಳೋದು ಪಕ್ಕದವ್ರ ಸಲುವಾಗಿ ಒಯ್ಯೋದು. ಒಂದು ಹಳೇ ಟವೆಲ್, ಮಳಿ ಒಳಗ ಸಿಡಿದ್ರ ಕಿಟಕಿ ಕಟ್ಟಿ ಮ್ಯಾಲ ಹಾಕಾಕ. ಕಿವಿಗೆ ಹತ್ತಿ. ಎರಡು ಮೂರು ಪ್ಲಾಸ್ಟಿಕ್ ಕವರ್, ಗಾಡಿ ಹೊಯ್ದಾಟಕ್ಕ ವಾಂತಿ ಮಾಡ್ಕೊಳ್ಳೋ ಮಕ್ಕಳು ಎದುರಿಗೆ ಇರ್ತಾವ, ನೀವು ಕವರ್ ಕೊಟ್ರ ಆ ತಾಯಿ ನಿಮ್ಮನ್ನ ಮರಿಯಂಗಿಲ್ಲ. ಮೊಬೈಲ್‌ನಾಗ ವೇರ್ ಈಸ್ ಮೈ ಟ್ರೇನ್ ಆಪ್, ಗಾಡಿ ಎಲ್ಲಿ ಐತಿ ಅಂತ ಇಂಟರ್ನೆಟ್ ಇಲ್ದೇನೂ ಹೇಳ್ತೈತಿ. ಸಾಮಾನು ಕಡಿಮಿ ಮಾಡ್ರಿ, ಒಂದು ದಿನದ ದಾರಿಗೆ ನಾಕು ಬ್ಯಾಗ್ ತಂದ್ರ ಕಾಲಿಡೋ ಜಾಗಕ್ಕ ಮೊದ್ಲ ಜಗಳ ಹತ್ತತೈತಿ.

ಊಟ ಹೆಚ್ಚೇ ಕಟ್ಟಿಕೊಳ್ರಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಮಂಡಕ್ಕಿ. ಹತ್ತು ಮಂದಿ ಜೋಡಿ ಕುಂತಾಗ ಒಂದು ಪೇಪರ್ ಹಾಸಿ ಮಂಡಕ್ಕಿ ಸುರುವಿದ್ರ ಮಾತು ತಾನಾಗೇ ಶುರು ಆಗ್ತೈತಿ, ಅದು ನಮ್ಮ ಸೀಮಿ ರೂಢಿ. ಒಂದು ಎಚ್ಚರ ಹೇಳಬೇಕು, ಗುರ್ತು ಇಲ್ಲದವ್ರು ಬಿಸ್ಕೀಟು ಚಾ ಕೊಟ್ರ ತಗೋಬ್ಯಾಡ್ರಿ, ಅಮಲು ಬರೋ ಔಷಧ ಹಾಕಿ ಸಾಮಾನು ಒಯ್ಯೋರು ಅದಾರ. ಹಂಗ ನೀವು ಕೊಟ್ಟಾಗ ಯಾರಾದ್ರೂ ಬ್ಯಾಡ ಅಂದ್ರ ಒತ್ತಾಯ ಮಾಡಬ್ಯಾಡ್ರಿ, ಅವ್ರೂ ಅದನ್ನ ಯೋಚನಿ ಮಾಡಿರ್ತಾರ.

ಹತ್ತಿದ ಮೊದಲ ಹತ್ತು ನಿಮಿಷ

ಇದು ಎಲ್ಲಕ್ಕಿಂತ ದೊಡ್ಡದು, ಇಲ್ಲಿ ಕೆಟ್ರ ಆ ಇಡೀ ದಿನ ಕೆಟ್ಟಂಗ.

ಒಂದು ತಿಳ್ಕೊಳ್ರಿ. ನಾವು ಬಳ್ಳಾರಿಯಾಗ ಕೊಪ್ಪಳದಾಗ ಜಳಕ ಮಾಡಿ, ಮಲ್ಲಿಗಿ ಮುಡಕೊಂಡು, ಡಬ್ಬಿ ಹಿಡ್ಕೊಂಡು ಹುರುಪಿನ್ಯಾಗ ಹತ್ತತೀವಿ. ಅಮರಾವತಿಯಂಥಾ ಗಾಡಿಯಾಗ ಒಳಗ ಇರೋರು ಅಷ್ಟೊತ್ತಿಗೆ ಎರಡು ರಾತ್ರಿ ಅದ್ರಾಗೇ ಕಳದಿರ್ತಾರ. ಅವ್ರಿಗೆ ಆ ಎಂಟು ಬರ್ತಿನ ಜಾಗ ಮನಿ ಆಗಿರ್ತೈತಿ, ಚಪ್ಪಲಿ ಎಲ್ಲಿ ಬಿಡಬೇಕು, ನೀರಿನ ಬಾಟ್ಲಿ ಎಲ್ಲಿ ಇಡಬೇಕು ಎಲ್ಲಾ ಅವ್ರು ಠರಾಸಿ ಬಿಟ್ಟಿರ್ತಾರ, ನಾವು ಹೋಗಿ ಲೈಟ್ ಹಾಕಿ ಷಟರ್ ಎತ್ತಿ ಗದ್ದಲ ಹಾಕಿದ್ರ ಅವ್ರಿಗೆ ಯಾರೋ ಮನಿಗೆ ನುಗ್ಗಿದಂಗ ಅನಿಸ್ತೈತಿ. ನನ್ನ ಮೊದಲ್ನೇ ಸಲದ ಯಜಮಾನ್ರೂ ಹಂಗ, ಎರಡು ರಾತ್ರಿ ನಿದ್ದಿ ಇಲ್ಲದವ್ರು, ಕತ್ತಲ ಬೇಕಾಗಿತ್ತು ಅವ್ರಿಗೆ. ಅದು ಕುಲೇಂ ದಾಟಿದ ಮ್ಯಾಲ ಅವ್ವ ಮಾತಾಡಿಸಿದಾಗ ತಿಳೀತು, ನಾನು ಕೇಳಿರಲೇ ಇಲ್ಲ.

ಹಿಂಗಾಗಿ ಹತ್ತಿದ ಕೂಡ್ಲೇ ಸುಮ್ನ ಸಾಮಾನು ಸೀಟಿನ ಕೆಳಗ ತಳ್ರಿ, ಕುಂದ್ರಿ, ಎರಡು ನಿಮಿಷ ಬಿಡ್ರಿ. ಆಮ್ಯಾಲ ಎಲ್ಲಿಂದ ಬಂದ್ರಿ, ಎಲ್ಲಿ ತನಕ ಹೋಗ್ತೀರಿ ಅಂತ ಕೇಳ್ರಿ. ಇದು ಬರೇ ಮರ್ಯಾದಿ ಮಾತಲ್ಲ, ನಿಮಗ ಬೇಕಾದ ಲೆಕ್ಕ ಇದ್ರಾಗ ಐತಿ: ಕಿಟಕಿ ಹತ್ರ ಇರೋರು ಹುಬ್ಬಳ್ಳಿಗೆ ಇಳಿಯೋರಿದ್ರ ಕೇಳೋ ಕೆಲಸನ ಇಲ್ಲ, ವಾಸ್ಕೋ ತನಕ ಇದ್ರ ಈಗಲೇ ಮಾತಾಡಬೇಕು.

ಮಾತಾಡೋದು ಹಿಂಗ. ಅಣ್ಣಾರ, ನಮ್ಮ ಅವ್ವ ದೂಧ್‌ಸಾಗರ ನೋಡಾಕ ಬಂದಾಳ್ರಿ, ಈಗ ನೀವು ಆರಾಮ ಮಲಗ್ರಿ, ಕ್ಯಾಸಲ್‌ರಾಕ್ ಬಂದ ಮ್ಯಾಲ ಕುಲೇಂ ತನಕ ಆಕಿನ್ನ ಕಿಟಕಿಗೆ ಕುಂದ್ರಿಸ್ತೀರೇನ್ರಿ, ಆಮ್ಯಾಲ ನಿಮ್ಮ ಜಾಗ ನಿಮಗ. ಇದ್ರಾಗ ಮೂರು ಕೆಲಸ ಆತು, ನಿದ್ದಿಗೆ ಅಡ್ಡಿ ಮಾಡೂದಿಲ್ಲ ಅಂದ್ರಿ, ಎಷ್ಟೊತ್ತು ಅಂತ ಹೇಳಿದ್ರಿ, ಜಾಗ ತಿರುಗಿ ಕೊಡ್ತೀನಿ ಅಂದ್ರಿ. ಗುಂತಕಲ್ಲು, ವಿಜಯವಾಡ ಕಡೆಯವ್ರಿದ್ರ ತೆಲುಗಿನ್ಯಾಗ ಅನ್ನಾ ಕೊಂಚೆಂ ಜರಗಂಡಿ (ಅಣ್ಣಾ ಸ್ವಲ್ಪ ಸರೀರಿ) ಅನ್ರಿ, ಬಳ್ಳಾರಿ ಮಂದಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಬಂಗಾಲಿ ಮಂದಿಗೆ ದಾದಾ ಅಂದ್ರ ಸಾಕು, ಮಾರಿ ಅರಳತೈತಿ. ಹಿಂದಿ ಹರಕು ಮುರುಕು ಬಂದ್ರೂ ಪರವಾಗಿಲ್ಲ, ದನಿ ಮೆತ್ತಗಿರಬೇಕು ಅಷ್ಟ.

ಮತ್ತ ಬದಲಿಗೆ ಏನಾರ ಕೊಡ್ರಿ. ಧಾರವಾಡ ತನಕ ನಮ್ಮ ಲೋವರ್ ಬರ್ತ್‌ನಾಗ ಕಾಲು ಚಾಚಿ ಮಲಗ್ರಿ ನಾವು ಮ್ಯಾಲ ಕುಂದ್ರತೀವಿ ಅಂತ ಹೇಳಿದ್ರ, ಅವ್ರಾಗೇ ನಿಮ್ಮನ್ನ ಕರದು ಕಿಟಕಿಗೆ ಕುಂದ್ರಿಸ್ತಾರ. ಎರಡನೇ ಸಲ ಅವ್ವನ್ನ ಕರ್ಕೊಂಡು ಹೋದಾಗ ನಾ ಮಾಡಿದ್ದು ಇಷ್ಟ.

ನಿಮ್ಮ ಸೀಟಿನ್ಯಾಗ ಬ್ಯಾರೇದವ್ರು ಇದ್ರ

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮಲಗೋ ಹೊತ್ತು, ಆ ಹೊತ್ತಿನ್ಯಾಗ ಮಿಡಲ್ ಬರ್ತ್ ಎತ್ತಿರ್ತಾರ, ಅದಕ್ಕ ಅವ್ರಿಗೆ ಹಕ್ಕು ಐತಿ. 6 ಆದ ಮ್ಯಾಲ ಮಿಡಲ್ ಬರ್ತ್ ಇಳಿಸಿ ಎಲ್ರೂ ಕೆಳಗ ಕುಂದ್ರಬೇಕು. ನೀವು ನಸುಕಿನ್ಯಾಗ ಹತ್ತಿದ್ರ ಮಲಗಿದವ್ರನ್ನ ಎಬ್ಬಿಸಬ್ಯಾಡ್ರಿ, ಆರರ ತನಕ ತಡೀರಿ. ಹುಷಾರಿಲ್ಲದವ್ರು, ಬಸುರಿ ಹೆಣ್ಮಕ್ಕಳು ಮಲಗಿದ್ರ ಆರು ಆದ್ರೂ ಬಿಟ್ಟುಬಿಡ್ರಿ.

ಸೀಟ್ ನಂಬರ್ ಒಂದ ಅಂತ ಇಬ್ರೂ ಹೇಳಿದ್ರ ದನಿ ಏರಿಸೋ ಮೊದ್ಲು ಟಿಕೆಟ್ ಪಕ್ಕ ಪಕ್ಕ ಹಿಡದು ನೋಡ್ರಿ. ಬೋಗಿ ನಂಬರ್ ತಪ್ಪಿರ್ತೈತಿ, ಇಲ್ಲಾ ತಾರೀಖು ತಪ್ಪಿರ್ತೈತಿ, ನಡುರಾತ್ರಿ 12 ದಾಟಿ ಬರೋ ಗಾಡಿಗೆ ಹಿಂದಿನ ದಿನದ ಟಿಕೆಟ್ ತಗಸಿದವ್ರನ್ನ ನಾನ ನೋಡೀನಿ. ಆರ್‌ಎಸಿ, ಅಂದ್ರ ಪೂರಾ ಬರ್ತ್ ಸಿಗದೆ ಕುಂದ್ರಾಕ ಅಷ್ಟ ಜಾಗ ಸಿಕ್ಕ ಟಿಕೆಟ್ ಇದ್ರ ಒಂದು ಸೈಡ್ ಲೋವರ್ ಇಬ್ರಿಗೆ, ಅದು ತಪ್ಪಲ್ಲ, ಹಂಚಿಕೊಳ್ಳಬೇಕು.

ಮಂಗಳವಾರ, ಶುಕ್ರವಾರ, ಹುಣ್ಣಿಮಿ ದಿನ ನಮ್ಮ ಕಡೆ ಗಾಡಿಗೆ ಹುಲಿಗಿ ಹುಲಿಗೆಮ್ಮನ ಭಕ್ತರು ಭಾಳ ಹತ್ತತಾರ, ಮುನಿರಾಬಾದ್‌ನಾಗ ನಿಲ್ಲೋ ಗಾಡಿ ಆದ್ರಂತೂ ಕಾಲಿಡಾಕ ಆಗಂಗಿಲ್ಲ. ಕಾಯಿ, ಹೂವು, ಕೂಸು ಕಟ್ಟಿಕೊಂಡು ಬಂದ ಮಂದಿ ಅವ್ರು, ಒಂದು ತಾಸಿನ ದಾರಿ. ಅವ್ರ ಜೋಡಿ ರಿಸರ್ವೇಷನ್ ಮಾತು ಎತ್ತಬ್ಯಾಡ್ರಿ, ಸರಕೊಂಡು ಕುಂದ್ರಿಸ್ಕೊಳ್ರಿ, ಅವ್ರು ಇಳಿದ ಮ್ಯಾಲ ಜಾಗ ಖಾಲಿ ಆಗೇ ಆಗ್ತೈತಿ. ಈ ಮಾತಿಗೆ ಎಲ್ರೂ ಒಪ್ಪಂಗಿಲ್ಲ, ಟಿಕೆಟ್ ಟಿಕೆಟೇ ಅನ್ನೋರು ಅದಾರ, ನನಗ ಮಾತ್ರ ದೇವರಿಗೆ ಹೊಂಟ ಮುದುಕಿನ್ನ ನಿಂದ್ರಿಸಿ ಕುಂದ್ರಾಕ ಮನಸು ಬರೂದಿಲ್ಲ. ಆದ್ರ ಮುಂದಿನ ಊರು ಬಂದ್ರೂ ಏಳದೆ ಎಂಟು ಸೀಟಿನ್ಯಾಗ ಹದಿನಾಲ್ಕು ಮಂದಿ ಗೋವಾ ತನಕ ಹೋಗೋ ಲೆಕ್ಕದಾಗ ಕುಂತಿದ್ರ ಟಿಸಿಗೆ ಹೇಳ್ರಿ, ನೀವ ಎಬ್ಬಿಸಾಕ ಹೋಗಬ್ಯಾಡ್ರಿ.

ಷಟರ್ ಜಗಳ

ಸ್ಲೀಪರ್ ಕಿಟಕಿಗೆ ಎರಡು ಷಟರ್ ಇರ್ತಾವ, ಒಂದು ಗಾಜಿಂದು ಒಂದು ತಗಡಿಂದು, ಇದು ಭಾಳ ಮಂದಿಗೆ ತಲಿಗೆ ಬರೂದಿಲ್ಲ. ಮಳಿ ಸಿಡಿತೈತಿ ಅಂತ ಅವ್ರು ತಗಡು ಎಳಿತಾರ, ಕಾಣಂಗಿಲ್ಲ ಅಂತ ನೀವು ಎತ್ತತೀರಿ. ತಗಡು ಎತ್ತಿ ಗಾಜು ಇಳಿಸ್ರಿ, ಮಳಿ ಒಳಗ ಬರಂಗಿಲ್ಲ, ಬೆಳಕೂ ಇರ್ತೈತಿ, ಕಾಡೂ ಕಾಣ್ತೈತಿ. ಗಾಜಿಗೆ ಮಂಜು ಕುಂತ್ರ ಒರಸಾಕ ಆ ಟವೆಲ್. ಜಲಪಾತ ಬಂದ ಆ ಎರಡು ನಿಮಿಷ ಮಾತ್ರ ಗಾಜೂ ಎತ್ರಿ, ಆ ತುಂತುರು ಮಾರಿಗೆ ಬಡಿಬೇಕು, ಅದಕ್ಕ ಅಲ್ಲೇನು ಹೋಗೋದು. ಎತ್ತೋ ಮುಂಚೆ ಎದುರಿನವ್ರಿಗೆ ಹೇಳ್ರಿ, ಕೂಸು ಇದ್ರ ಟವೆಲ್ ಕೊಡ್ರಿ, ಮೊಬೈಲ್ ಒಳಗ ಇಟ್ಟುಕೊಳ್ರಿ ಅಂತ ಎಲ್ರಿಗೂ ಹೇಳ್ರಿ. ಷಟರ್‌ದ ಕೊಂಡಿ ಸರಿಯಾಗಿ ಸಿಗಿಸದೆ ಬಿಟ್ರ ಧಪ್ ಅಂತ ಬಿದ್ದು ಬೆರಳು ಜಜ್ಜತೈತಿ, ಮಕ್ಕಳ ಕೈ ಅಲ್ಲಿ ಇಡಾಕ ಬಿಡಬ್ಯಾಡ್ರಿ.

ವಾಂತಿ ಆಗೋರಿಗೆ ಕಿಟಕಿ ಬಿಟ್ಟುಕೊಡ್ರಿ. ಇದ್ರಾಗ ಮಾತೇ ಇಲ್ಲ.

ಮೊಬೈಲ್ ಸಪ್ಪಳ, ಇಸ್ಪೀಟು, ಎಲಿ ಅಡಿಕಿ

ಸ್ಪೀಕರ್ ಹಚ್ಚಿ ವಿಡಿಯೋ ನೋಡೋರು ಈಗ ಪ್ರತಿ ಬೋಗಿಯಾಗ ಅದಾರ. ರಾತ್ರಿ 10ರ ಮ್ಯಾಲ ಜೋರಾಗಿ ಹಾಡು ಹಚ್ಚೋದು, ಜೋರಾಗಿ ಫೋನಿನ್ಯಾಗ ಮಾತಾಡೋದು ರೈಲ್ವೆ ನಿಯಮದ ಪ್ರಕಾರ ತಪ್ಪು, ಟಿಸಿಗೆ ಹೇಳಿದ್ರ ಬಂದು ನಿಲ್ಲಿಸ್ತಾರ. ಹಗಲಿನ್ಯಾಗ ನಾವ ಕೇಳ್ಕೋಬೇಕು. ಬಂದ್ ಮಾಡ್ರಿ ಅನ್ನೋದಕ್ಕಿಂತ ಅಪ್ಪಗ ಈಗ ನಿದ್ದಿ ಹತ್ತೇತ್ರಿ, ಒಂಚೂರು ಸಣ್ಣ ಮಾಡ್ರಿ ಅಂದ್ರ ಕೇಳ್ತಾರ, ಬಂದ್ ಮಾಡ್ರಿ ಅಂದ್ರ ಮರ್ಯಾದಿ ಪ್ರಶ್ನಿ ಆಗ್ತೈತಿ. ಹುಡುಗರಿದ್ರ ಅವ್ರ ಹಾಡು ಯಾವುದು ಅಂತ ಕೇಳ್ರಿ, ಮಾತಿಗೆ ಹಚ್ರಿ, ಲೋಂಡಾ ದಾಟಿದ ಮ್ಯಾಲ ಹೆಂಗೂ ನೆಟ್‌ವರ್ಕ್ ಕೈ ಕೊಡ್ತೈತಿ, ಎಲ್ಲಾ ಮೊಬೈಲ್ ತಾವಾಗೇ ಸುಮ್ನ ಆಗ್ತಾವ. ಕಾಡಿನ ಸಪ್ಪಳ ಆಗ ಕೇಳ್ತೈತಿ, ನನಗ ಜಲಪಾತಕ್ಕಿಂತ ಅದ ಹೆಚ್ಚು ಇಷ್ಟ ಅಂದ್ರೂ ತಪ್ಪಿಲ್ಲ.

ಇಸ್ಪೀಟು ಆಡೋರು ನಡುವ ಸೂಟ್‌ಕೇಸ್ ಇಟ್ಟು ದಾರಿ ಕಟ್ಟತಾರ, ಅವ್ರಿಗೆ ಹೇಳೋದು ಒಂದ, ಆಟ ಆಡ್ರಿ, ಹೆಣ್ಮಕ್ಕಳು ಮಕ್ಕಳು ಓಡಾಡಾಕ ಒಂದು ಕಾಲು ಜಾಗ ಬಿಡ್ರಿ. ಎಲಿ ಅಡಿಕಿ, ಗುಟ್ಕಾ ಹಾಕಿ ಕಿಟಕಿಯಿಂದ ಉಗಿಯೋರ ಹಿಂದಿನ ಕಿಟಕಿಗೆ ಕುಂದ್ರಬ್ಯಾಡ್ರಿ, ಗಾಳಿಗೆ ಎಲ್ಲಾ ನಿಮ್ಮ ಮಾರಿಗೆ. ಅಜ್ಜ ಅಜ್ಜಿ ಇದ್ರ ಒಂದು ಕವರ್ ಕೊಟ್ಟು ಇದ್ರಾಗ ಉಗುಳ್ರಿ ಯಜ್ಜಾ ಅನ್ರಿ, ನಾ ಕೊಟ್ಟಾಗ ಯಾರೂ ಬ್ಯಾಡ ಅಂದಿಲ್ಲ.

ಕುಡದವ್ರು, ಹೆಣ್ಮಕ್ಕಳಿಗೆ ತ್ರಾಸು ಕೊಡೋರು

ಇಲ್ಲಿ ಮಾತ್ರ ಹೊಂದಾಣಿಕಿ ಮಾತು ಬ್ಯಾಡ. ಮ್ಯಾಲ ಹೇಳಿದ್ದೆಲ್ಲಾ ದಣಿದವ್ರಿಗೆ, ಹಟದವ್ರಿಗೆ, ತಿಳೀದವ್ರಿಗೆ. ಕುಡದು ಗಲಾಟಿ ಮಾಡೋರು, ಹೆಣ್ಮಕ್ಕಳ ಫೋಟೋ ತಗಿಯೋರು, ಮೈಗೆ ಮೈ ತಾಗಿಸೋರು, ಇವ್ರ ಜೋಡಿ ಮಂಡಕ್ಕಿ ಹಂಚಿಕೊಳ್ಳಾಕ ಹೋಗಬ್ಯಾಡ್ರಿ.

139ಕ್ಕ ಫೋನ್ ಹಚ್ರಿ, ಇಲ್ಲಾ ರೈಲ್ ಮದದ್ ಆಪ್‌ನಾಗ ದೂರು ಹಾಕ್ರಿ. ಪಿಎನ್‌ಆರ್, ಬೋಗಿ ನಂಬರ್, ಸೀಟ್ ನಂಬರ್ ಮತ್ತ ಮುಂದಿನ ಸ್ಟೇಷನ್ ಯಾವುದು ಅನ್ನೋದು ಕೈಯಾಗ ಇಟ್ಟುಕೊಂಡೇ ಮಾತಾಡ್ರಿ, ಮುಂದಿನ ದೊಡ್ಡ ಸ್ಟೇಷನ್‌ನಾಗ ಆರ್‌ಪಿಎಫ್‌ನವ್ರು (ರೈಲ್ವೆ ರಕ್ಷಣಾ ಪಡೆ) ಹತ್ತತಾರ. ಕುಡದು ಗಾಡಿಯಾಗ ತ್ರಾಸು ಕೊಡೋರನ್ನ ಇಳಿಸೋ ಅಧಿಕಾರ 1989ರ ರೈಲ್ವೆ ಕಾಯ್ದೆಯ 145ನೇ ಕಲಮಿನ್ಯಾಗ ಐತಿ. ಘಾಟ್‌ನಾಗ ಫೋನ್ ಹತ್ತಂಗಿಲ್ಲ ಅಂತ ಆಗಲೇ ಹೇಳೀನಿ, ಅದಕ್ಕ ಅನುಮಾನ ಬಂದ್ರ ಹುಬ್ಬಳ್ಳಿ, ಧಾರವಾಡ, ಲೋಂಡಾ ಒಳಗ ದೂರು ಕೊಡ್ರಿ, ಕ್ಯಾಸಲ್‌ರಾಕ್ ಆದ ಮ್ಯಾಲ ಅಂತ ತಡಿಯಾಕ ಹೋಗಬ್ಯಾಡ್ರಿ. ಅಕ್ಕ ತಂಗೇರು ಅಷ್ಟ ಹೋಗೋರಿದ್ರ ಹತ್ತಿದ ಕೂಡ್ಲೇ ಕುಟುಂಬ ಕುಂತಿರೋ ಎಂಟು ಬರ್ತಿನ ಜಾಗ ನೋಡಿಕೊಂಡು ಅಲ್ಲಿ ಹಿರಿ ಹೆಣ್ಮಕ್ಕಳನ್ನ ಮಾತಾಡಿಸಿಡ್ರಿ, ಅವ್ವಾರ ನಾವು ಆ ಕಡೆ ಕುಂತೀವ್ರಿ ಅಂತ. ಆ ಒಂದು ಮಾತು ಭಾಳ ಕೆಲಸಕ್ಕ ಬರ್ತೈತಿ.

ಘಾಟ್ ಬಂತು

ಲೋಂಡಾ ಬಿಟ್ಟ ಕೂಡ್ಲೇ ತಯಾರಾಗ್ರಿ. ಊಟ ಮುಗಿಸಿರಬೇಕು, ಪಾಯಖಾನಿ ಕೆಲಸ ಮುಗಿಸಿರಬೇಕು, ಯಾಕಂದ್ರ ಆಮ್ಯಾಲ ಬಾಗಿಲ ಹತ್ರ ಮಂದಿ ತುಂಬಿ ಅಲ್ಲಿ ಹೋಗಾಕ ಆಗಂಗಿಲ್ಲ. ಕ್ಯಾಸಲ್‌ರಾಕ್‌ನಾಗ ಗಾಡಿ ನಿಂತಾಗ, ಬೆಳಿಗ್ಗೆ ಮಾತು ಕೊಟ್ಟೋರಿಗೆ ನಗ್ತಾ ನೆನಪು ಮಾಡ್ರಿ, ಜಾಗ ಬದಲಿ ಆಗ್ಲಿ. ಆಪ್ ನೋಡಿ ಇನ್ನು ಎಷ್ಟು ದೂರ ಐತಿ ಅಂತ ಸುತ್ತಲಿನವ್ರಿಗೂ ಹೇಳ್ರಿ, ಮಲಗಿದವ್ರನ್ನ ಎಬ್ಬಿಸಬೇಕಾ ಅಂತ ಮೊದಲೇ ಕೇಳಿಟ್ಟುಕೊಂಡಿದ್ರ ಎಬ್ಬಿಸ್ರಿ. ನೋಡಾಕ ಸಿಕ್ಕಿದ್ದನ್ನ ಹಂಚಿದ್ರ ಜಗಳಗಂಟರೂ ತಣ್ಣಗಾಗ್ತಾರ, ಇದು ನಾನು ಆರೂ ಸಲ ಕಂಡಿದ್ದು.

ಸುರಂಗ ಬಂದಾಗ ಹುಡುಗರು ಚೀರತಾರ, ಸಣ್ಣ ಕೂಸುಗಳು ಹೆದರಿ ಅಳತಾವ. ಮೊದಲ್ನೇ ಸುರಂಗಕ್ಕಿಂತ ಮುಂಚೆ ಕೂಸಿಗೆ ಈಗ ಕತ್ತಲ ಆಗ್ತೈತಿ ಮತ್ತ ಬೆಳಕಾಗತೈತಿ ಅಂತ ಹೇಳಿಡ್ರಿ, ಮೊಬೈಲ್ ಬೆಳಕು ತಯಾರಿರ್ಲಿ.

ಬಾಗಿಲದಾಗ ನಿಲ್ಲಬ್ಯಾಡ್ರಿ. ಮಳ್ಯಾಗ ಮೆಟ್ಟಲು ಜಾರತಾವ, ಸುರಂಗದ ಗ್ವಾಡಿ ಕೈ ಚಾಚಿದ್ರ ತಾಗೋ ಅಷ್ಟು ಹತ್ರ, ಹಿಂದಿನವ್ರು ನೋಡೋ ಆಸೆಗೆ ನೂಕತಾರ. ಮೆಟ್ಟಲ ಮ್ಯಾಲ ಜೋತು ಬೀಳೋದಕ್ಕ 156ನೇ ಕಲಮಿನ್ಯಾಗ ಶಿಕ್ಷೆನೂ ಐತಿ. ಯಾರಾದ್ರೂ ಹುಡುಗ ಅಲ್ಲಿ ಜೋತು ಬಿದ್ದು ಸೆಲ್ಫಿ ತಗೊಂತಿದ್ರ ಬೈಬ್ಯಾಡ್ರಿ, ಬೈದ್ರ ಇನ್ನಷ್ಟು ಮಾಡ್ತಾವ, ತಮ್ಮಾ ಬಾ ಇಲ್ಲಿ ನನ್ನ ಕಿಟಕಿಯಾಗ ತಗೀ ಅಂತ ಕರೀರಿ. ನಾ ಹಂಗ ಕರದಾಗ ಮೂರು ಹುಡುಗರು ಬಂದು ನನ್ನ ಭುಜದ ಮ್ಯಾಲಿಂದ ಫೋಟೋ ತಗೊಂಡ್ರು, ನನ್ನ ಅಂಗಿ ತೋಯ್ತು, ಹುಡುಗರು ಒಳಗ ಇದ್ರಲ್ಲ ಅದು ಸಾಕಾತು.

ಚೈನ್ ಎಳದು ಇಳಿಯೋರ ಜೋಡಿ ಸೇರಬ್ಯಾಡ್ರಿ. ಕಾರಣ ಇಲ್ದ ಚೈನ್ ಎಳದ್ರ 141ನೇ ಕಲಮಿನ ಪ್ರಕಾರ ಒಂದು ವರ್ಷ ತನಕ ಜೈಲು ಇಲ್ಲಾ 1,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಇಳಿಜಾರಿನ್ಯಾಗ ಅಷ್ಟು ಭಾರದ ಗಾಡಿ ಗಕ್ಕನ ನಿಲ್ಲಿಸೋದು ಆಟ ಅಲ್ಲ. ಹಳಿ ಮ್ಯಾಲ ನಡಕೊಂಡು ಜಲಪಾತಕ್ಕ ಹೋಗೋದೂ ಬಂದ್ ಮಾಡ್ಯಾರ, ಆರ್‌ಪಿಎಫ್‌ನವ್ರು ಹಿಡಿತಾರ.

ಕುಲೇಂ ಬಂದ ಮ್ಯಾಲ

ಕುಲೇಂ ಬಂತಂದ್ರ ಎದ್ದು ಕಿಟಕಿ ಬಿಟ್ಟುಕೊಡ್ರಿ. ಅವ್ರು ಇರ್ಲಿ ಕುಂದ್ರಿ ಅಂದ್ರೂ ಒಮ್ಮೆ ಏಳ್ರಿ, ಕೊಟ್ಟ ಮಾತು ಅದು. ಸೀಟು ತೋಯ್ದಿದ್ರ ನೀವ ಒರಸ್ರಿ. ತಿಂದ ಕಸ, ಪೇಪರ್, ಬಾಟ್ಲಿ ಕಾಡಿಗೆ ಒಗಿಬ್ಯಾಡ್ರಿ, ಚೀಲದಾಗ ಹಾಕಿಕೊಂಡು ಮಡಗಾಂವ್‌ನಾಗ ಡಬ್ಬಿಗೆ ಹಾಕ್ರಿ.

ತಿರುಗಿ ಬರೋವಾಗ ಎಲ್ರೂ ದಣಿದಿರ್ತಾರ, ನೀವೂ ದಣಿದಿರ್ತೀರಿ, ಆ ಹೊತ್ತಿನ್ಯಾಗ ಮಾತು ಕಡಿಮಿ ಮಾಡ್ರಿ. ಕೊಪ್ಪಳ, ಹೊಸಪೇಟಿಗೆ ರಾತ್ರಿ ಇಳಿಯೋರಿದ್ರ ಗದಗದಾಗ ಅಲಾರಂ ಇಟ್ಟುಕೊಳ್ರಿ, ಸಾಮಾನು ಮೊದ್ಲ ಬಾಗಿಲ ಕಡೆ ತಂದಿಟ್ಟುಕೊಳ್ರಿ, ಮಲಗಿದವ್ರ ಮಾರಿ ಮ್ಯಾಲ ಲೈಟ್ ಹಾಕಿ ಚಪ್ಪಲಿ ಹುಡುಕಬ್ಯಾಡ್ರಿ.

ಎರಡನೇ ಸಲ ಅವ್ವ ಕಿಟಕಿಗೆ ಕುಂತಾಗ ನೀರಿನ ತುಂತುರು ಆಕಿ ಕನ್ನಡಕದ ಮ್ಯಾಲ ಬಿದ್ದು ಏನೂ ಕಾಣದಂಗ ಆತು. ಜಾಗ ಬಿಟ್ಟುಕೊಟ್ಟ ಆ ಅಕ್ಕಾರ ತಮ್ಮ ಸೆರಗಿಲೆ ಕನ್ನಡಕ ಒರಸಿ ಮತ್ತ ಹಾಕಿದ್ರು, ನೋಡ್ರಿ ಈಗ ಅಂದ್ರು. ಸೇತುವೆ ಇನ್ನೂ ಮುಗಿದಿರಲಿಲ್ಲ.